ಅದಲು ಬದಲು

ನವನಗರ, ರಾತ್ರಿ ಹನ್ನೊಂದೂವರೆ. ಲ್ಯಾಬಿನ ಫ್ಯಾನು
ನನಗಿಂತ ಯಂತ್ರಕ್ಕೇ ಹೆಚ್ಚು ಗಾಳಿ ಹಾಕುತ್ತಿದೆ.
ಪರದೆಯಲ್ಲಿ ಇನ್ನೂರೈವತ್ತಾರಕ್ಕೆ ಇನ್ನೂರೈವತ್ತಾರು ಚೌಕ:
ಏಳು ಪಾಲು ನೀರು, ಮೂರು ಪಾಲು ಕುಸುಬಿ ಎಣ್ಣೆ ಅಂದುಕೊಳ್ಳಿ,
ಕಾವಿನಲ್ಲಿ ಯಾವುದು ಯಾವುದೆಂದು ತಿಳಿಯದ ಬೂದು.

ಶಾಹೀನ್ ಉಷ್ಣತೆಯನ್ನು ಒಮ್ಮೆಲೇ ಇಳಿಸಿದಳು.

ನಿಯಮ ಒಂದೇ: ಪಕ್ಕದವರ ಜೊತೆ ಮಾತ್ರ
ಜಾಗ ಅದಲು ಬದಲು. ಹಾರಿ ಹೋಗುವಂತಿಲ್ಲ,
ಹುಟ್ಟುವಂತಿಲ್ಲ, ಸಾಯುವಂತಿಲ್ಲ.
ಒಟ್ಟು ಲೆಕ್ಕ ತಪ್ಪಿದರೆ ಕೋಡು ನನ್ನದು, ತಪ್ಪೂ ನನ್ನದು.

ಬೂದುಬಣ್ಣದೊಳಗೆ ನುಚ್ಚು ಕಾಣಿಸಿತು. ನುಚ್ಚು ಕೂಡಿ ಹನಿ.
ಆಮೇಲೆ ನಿಧಾನ, ಬಲು ನಿಧಾನ,
ಸಣ್ಣ ಹನಿ ಸವೆದು ದೊಡ್ಡದರ ಹೊಟ್ಟೆ ಸೇರುತ್ತದೆ.
ಬಲದಂಚು ದಾಟಿದ್ದು ಎಡದಂಚಿನಿಂದ ಒಳಬರುತ್ತದೆ;
ಈ ಊರಿಗೆ ಹೊರಗು ಎಂಬುದಿಲ್ಲ.

ಟಾರ್ಚು ಹಿಡಿದು ಬಂದ ಕಾವಲಿನ ಯಂಕಪ್ಪ
ಚಪ್ಪಲಿ ಹೊರಗೆ ಬಿಟ್ಟು ನೋಡುತ್ತ ನಿಂತ.
'ಇದೇನ್ರಿ, ನಮ್ಮ ಮುಳುಗಡಿ ನಕಾಶಿ ಇದ್ದಂಗೈತಿ?'
ಹಳೇ ಊರಿನ ಅವನ ಓಣಿಯಲ್ಲಿ ಹನ್ನೆರಡು ಮನೆ.
ಗಾಣದವರ ಗೋಡೆಗೆ ಅತ್ತಾರ ಮನೆಯ ಗೋಡೆ,
ಅದಕ್ಕಂಟಿ ಬಣ್ಣದ ಹೊಂಡ, ಎಲ್ಲರ ಕಟ್ಟೆಗೂ ನೀಲಿ ಕಲೆ.
ನೀರು ಬಂತು. ಪ್ಲಾಟು ಸಿಕ್ಕಲ್ಲಿ ಸಿಕ್ಕಂತೆ ಸೆಕ್ಟರು.
'ನಮ್ಮವ್ವ ಹೆಪ್ಪಿಗೆ ಮಜ್ಜಿಗಿ ಇಸ್ಕೊಂಡು ಬರಾಕ
ಎರಡು ಮೈಲಿ ನಡೀತಿದ್ಳು. ಬಾಜೂದವ್ರನ್ನ ಕೇಳಂದ್ರ ಒಲ್ಲೆ ಅಂತಿದ್ಳು.'

ಶಾಹೀನ್ ಕೀಲಿಮಣೆಯಿಂದ ಕೈ ತೆಗೆದಳು.
ಅಂಥ ನಡಿಗೆಗೆ ನಮ್ಮಲ್ಲಿ ಸಾಲು ಬರೆದಿರಲಿಲ್ಲ.

'ಮತ್ತ ಕಾಸಿದ್ರ ಕೂಡತಾವೇನ್ರಿ?'
'ಕೂಡತಾವ,' ಅಂದೆ. 'ಇದರಾಗ.'

ಅವನು ಟಾರ್ಚು ಆರಿಸಿದ. ಮೂಲೆಯಲ್ಲೊಂದು ಹನಿ,
ಎರಡು ಚೌಕದಷ್ಟು ಉಳಿದದ್ದು,
ಪೂರ್ತಿ ಕರಗುವ ತನಕ ಹೋಗಲಿಲ್ಲ.