ಹದಿನೇಳು ಗ್ರಾಂ

ಭೋರಿನ ಬಸ್ಸು ಇಳಿಸಿದ ಮೇಲೆ ಎರಡು ಗಂಟೆ ಏರು.
ಹೆಗಲ ಚೀಲದಲ್ಲಿ ತೂಕ-ಅಳತೆ ಇಲಾಖೆಯ ಹಿತ್ತಾಳೆ ಬಟ್ಟುಗಳು:
ಎರಡು ಕಿಲೋ, ಒಂದು, ಅರ್ಧ.
ಕೂತಲ್ಲೆಲ್ಲ ನನಗಿಂತ ಮೊದಲು ಅವೇ ಕೂರುತ್ತವೆ.

ನಕ್ಷೆಯಲ್ಲಿ ಧನಗರಮಾಳಕ್ಕೆ ಹೆಸರಿದೆ, ದಾರಿಯಿಲ್ಲ.
ದಾರಿಯೆಂದರೆ ಗದ್ದೆಯ ಬದು, ಬದು ಮುಗಿದರೆ ಸಾಮೆಯ ಹೊಲ,
ಸಾಮೆ ಮುಗಿದರೆ ಹುಚ್ಚೆಳ್ಳು,
ಗುಡ್ಡದ ಮೈಗೆಲ್ಲ ಅರಿಸಿನ ಮೆತ್ತಿದ ಹಾಗೆ.
ಅದೂ ಮುಗಿದ ಮೇಲೆ ಯಾರೂ ಬಿತ್ತದ್ದು:
ಬಂಡೆಯ ಬಿರುಕಿನಲ್ಲಿ ಇವರ ತೇರಡಾ,
ನನ್ನ ಅಕ್ಕಲಕೋಟೆಯ ಅಜ್ಜಿಯ ಬಾಯಲ್ಲಿ ಕರ್ಣಕುಂಡಲ.
ಪ್ಯಾಂಟಿಗೆ ಮೊಣಕಾಲವರೆಗೆ ಪರಾಗ.
ನನ್ನ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ.

ಹತ್ತೊಂಬತ್ತು ಮನೆ, ಒಂದು ಅಂಗಡಿ, ಒಂದು ತಕ್ಕಡಿ.
ಠಕೂಬಾಯಿ ಧಿಂಡಲೆ ಸೆರಗಲ್ಲಿ ಒರೆಸಿ
ಒಂದು ಕಿಲೋದ ಕಬ್ಬಿಣ ಮುಂದಿಟ್ಟಳು.
ಹೊರಗೆ ಗಾಳಿ. ಕದ ಮುಂದೆ ಮಾಡಿ, ಉಸಿರು ಹಿಡಿದು ತೂಗಿದೆ.
ಮೋಸವಿಲ್ಲದ ಊರಿದೆಯೆ? ಹದಿನಾರು ವರ್ಷದ ಕೆಲಸ ನನ್ನದು,
ತಳದ ಸೀಸ ಕೆರೆದವರನ್ನು ಪುಣೆಯ ಮಾರುಕಟ್ಟೆಯಲ್ಲಿ
ಮುಖ ನೋಡಿಯೇ ಹೇಳಬಲ್ಲೆ.

ಮುಳ್ಳು ಅವಳ ಕಡೆ ವಾಲಿತು.
ಹದಿನೇಳು ಗ್ರಾಂ. ಹೆಚ್ಚು.

ಮತ್ತೆ ತೂಗಿದೆ. ಎಣಿಕೆ ಮಾತ್ರ ನನಗೆ ಇಂದಿಗೂ ಕನ್ನಡದಲ್ಲೇ;
ಹದಿನೈದು, ಹದಿನಾರು ಎಂದು ಗೊಣಗಿದ್ದು ಕೇಳಿ
ಬಾಗಿಲಲ್ಲಿ ನಿಂತ ಮೊಮ್ಮಗಳು ಹೌಸಾ
ಮಂತ್ರವೆಂದುಕೊಂಡು ಕೈಮುಗಿದಳು.

ಬೆಲ್ಲ, ಎಣ್ಣೆ, ಹೊಗೆ, ಹಿಟ್ಟು, ಬೆರಳಿನ ಜಿಡ್ಡು
ಪದರ ಪದರ ಕೂತು ಕಬ್ಬಿಣ ದಪ್ಪವಾಗಿತ್ತು.
ಇಷ್ಟು ವರ್ಷ ಕಿಲೋಗೆ ಹದಿನೇಳು ಗ್ರಾಂ
ಊರಿಗೆ ಪುಕ್ಕಟೆ ಹೋಗಿತ್ತು.
"ಇರಲಿ ಬಿಡು ಸಾಯೇಬ," ಅಂದಳು, "ನಮ್ಮನಮ್ಮಲ್ಲೇ ಅಲ್ಲವಾ."

ಇರಲಿ ಬಿಡಲು ಕಾನೂನಿಲ್ಲ. ಹೆಚ್ಚೂ ತಪ್ಪೇ.
ಜಗುಲಿಯಲ್ಲಿ ಕೂತು ಚಾಕುವಿನಿಂದ ಕೆರೆದೆ.
ಅಷ್ಟರಲ್ಲಿ ಹೌಸಾ ಖಾಲಿ ತಟ್ಟೆಗೆ ಒಂದು ಲಂಗದಷ್ಟು ಹೂ ಸುರಿದು
ಮುಳ್ಳು ನೋಡುತ್ತಿದ್ದಳು.
ಅಲುಗಿತೋ ಇಲ್ಲವೋ.
ಹೂ ಎತ್ತಿದ ಹಾಗೆ ಎನ್ನುತ್ತೇವಲ್ಲ,
ತಕ್ಕಡಿಗೆ ಆ ಗಾದೆ ಮೊದಲೇ ಗೊತ್ತಿತ್ತು.

ಕೆರೆದು, ತೂಗಿ, ಮತ್ತೆ ಕೆರೆದು
ಸೀಸದ ಮೇಲೆ ಈ ವರ್ಷದ ಮುದ್ರೆ ಹೊಡೆದೆ.
ಕಬ್ಬಿಣ ಹೊಳೆಯಿತು, ಬೇರೆ ಯಾರದೋ ಮನೆಯದರಂತೆ.
ಠಕೂಬಾಯಿ ಅದನ್ನು ಅಂಗೈಯಲ್ಲಿ ಎತ್ತಿ ಇಳಿಸಿ ನೋಡಿದಳು,
ಏನೂ ಅನ್ನಲಿಲ್ಲ.
ರಶೀದಿಗೆ ಹೆಬ್ಬೆಟ್ಟು ಒತ್ತಿದಳು. ಶಾಯಿಗಿಂತ ಎಣ್ಣೆಯೇ ಜಾಸ್ತಿ ಮೂಡಿತು.

ಬೂಟಿನ ದಾರ ಕಟ್ಟಲು ಬಗ್ಗಿದಾಗ ಕಂಡೆ:
ನಾನು ಕೆರೆದು ಚೆಲ್ಲಿದ ಕಪ್ಪು ಪುಡಿಗೆ
ಇರುವೆ ಮುತ್ತಿದ್ದವು.
ಬೆಲ್ಲದ ವಾಸನೆ ಹಿಡಿದು, ಸಾಲುಗಟ್ಟಿ, ಬದು ದಾಟಿ
ಹುಚ್ಚೆಳ್ಳಿನೊಳಕ್ಕೆ
ಹೊತ್ತೊಯ್ಯುತ್ತಿದ್ದವು, ಕೈಲಾದಷ್ಟು,
ತೂಗದೆ.