ನಲ್ಲಿ ನಿಂತಾಗ

ಗ್ಲೆಂಡೈವಿನಲ್ಲಿ ಪಿಕಪ್ಪಿನ ಗೇರ್‌ಬಾಕ್ಸು ಕೈಕೊಟ್ಟದ್ದು ನವೆಂಬರಿನಲ್ಲಿ.
ಗ್ಯಾರೇಜಿನವ ಕೈ ಒರೆಸಿಕೊಳ್ಳುತ್ತ, ಬಿಡಿಭಾಗ ಬರುತ್ತದೆ ಅಂದ.
ಬಂದದ್ದು ಹಿಮ.

ಅರಿಜೋನಕ್ಕೆಂದು ಹೊರಟ ಗಾಡಿಮನೆ
ರೈಲುಹಳಿಯ ಮಗ್ಗುಲಲ್ಲಿ ನಿಂತೇಬಿಟ್ಟಿತು,
ಪಕ್ಕೆಯ ಮೇಲೆ ಕಂಪನಿಯವರು ಅಂಟಿಸಿದ
ತಾಳೆಮರ, ಕಿತ್ತಳೆ ಸೂರ್ಯ ಸಮೇತ.

ವರ್ಜಿಲ್ ಹುಲ್ಲಿನ ಪಿಂಡಿ ತಂದು ಸುತ್ತ ಒಟ್ಟಿದ,
ಗಾಡಿಯ ಹೊಟ್ಟೆಯಡಿ ಗಾಳಿ ನುಗ್ಗದ ಹಾಗೆ.
ಆರ್ಡಿಸ್ ಕಿಟಕಿಗಳಿಗೆ ಗುಳ್ಳೆಹಾಳೆ ಮೆತ್ತಿದಳು,
ಸಿಂಕಿನ ಕೆಳಗಿನ ಕಪಾಟು ತೆರೆದೇ ಇಟ್ಟಳು
ಪೈಪಿಗೂ ಒಂದಿಷ್ಟು ಶಾಖ ಸಿಗಲೆಂದು.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ಯಾರ ಮೂಗು ಸೋರುತ್ತಿದೆ, ಯಾರು ಟೊಪ್ಪಿ ಮರೆತರು,
ಕನ್ನಡಿಯಲ್ಲೇ ಎಣಿಸಿದವಳು.

ರಾತ್ರಿ ನಲ್ಲಿಯನ್ನು ಪೂರ್ತಿ ತಿರುಗಿಸುವುದಿಲ್ಲ.
ಟಪ್.
           ಟಪ್.
ಹರಿಯುತ್ತಿದ್ದರೆ ಹೆಪ್ಪುಗಟ್ಟದು,
ಪಕ್ಕದ ಗಾಡಿಯ ರೈಲ್ವೆ ಹುಡುಗ ಹೇಳಿಕೊಟ್ಟ ಪಾಠ.
ಮೊದಲ ವಾರ ಆ ಸದ್ದಿಗೆ ನಿದ್ದೆ ಬರಲಿಲ್ಲ,
ಈಗ ಅದಿಲ್ಲದೆ ಬಾರದು.

ಜನವರಿಯ ಒಂದು ರಾತ್ರಿ, ಸೊನ್ನೆಗಿಂತ ಮೂವತ್ತಾರು ಕೆಳಗೆ,
ಎಚ್ಚರವಾಯಿತು. ಏನೂ ಕೇಳುತ್ತಿಲ್ಲ.

ಕತ್ತಲಲ್ಲಿ ಮೊದಲು
ವರ್ಜಿಲನ ಬಾಯಿಯ ಹತ್ತಿರ ಅಂಗೈ ಹಿಡಿದಳು.
ಬೆಚ್ಚಗಿತ್ತು. ಸ್ವಲ್ಪ ಈರುಳ್ಳಿ ವಾಸನೆ.
ಆಮೇಲೆ ಮೊಣಕೈಯಿಂದ ತಿವಿದಳು: ಏಳು, ನೀರು ಕಟ್ಟಿದೆ.
ಗೋಡೆಯ ಮಂಜಿಗೆ ಅಂಟಿದ್ದ ಜಡೆಯ ತುದಿಯನ್ನು
ಕಿತ್ತುಕೊಂಡು ತಾನೂ ಎದ್ದಳು.

ಅವನು ಎರಡು ಪ್ಯಾಂಟಿನ ಮೇಲೆ ಮೂರನೆಯದೇರಿಸಿ
ಬೈಯುತ್ತ ಹೊರಗಿಳಿದ. ಬೈಗುಳ ಅರ್ಧಕ್ಕೇ ಬಿಳಿಯಾಗಿ
ಮೀಸೆಯ ಮೇಲೆ ಕೂತಿತು.
ಗುಳ್ಳೆಹಾಳೆ ಸರಕ್ಕನೆ ಕಿತ್ತು, ಕಿಟಕಿಯ ಸಂದಿಯಿಂದ
ಅವಳು ಹೇರ್ ಡ್ರೈಯರ್ ಚಾಚಿದಳು,
ಮಗಳ ಮದುವೆಗೆ ಕೊಂಡದ್ದು, ಗುಲಾಬಿ ಬಣ್ಣ.
ಹುಲ್ಲಿನಲ್ಲಿ ಮಂಡಿಯೂರಿ, ಟಾರ್ಚು ಹಲ್ಲಲ್ಲಿ ಕಚ್ಚಿ
ಪೈಪಿನ ಮೊಣಕಾಲಿಗೆ ಅವನು ಬಿಸಿಗಾಳಿ ಹಿಡಿದ,
ಆಗತಾನೆ ಬಿದ್ದ ಕರುವನ್ನು ಒರೆಸಿ ಒಣಗಿಸುವವನ ಹಾಗೆ.

ಒಳಗೆ ಅವಳು ಸಿಂಕಿಗೆ ಕಿವಿಗೊಟ್ಟು
ಇಲ್ಲ, ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ, ಇಲ್ಲ.
ಗ್ಯಾಸಿನ ಹೀಟರು ಒಮ್ಮೆ ಗುರ್ರೆಂದು ಸುಮ್ಮನಾಯಿತು.
ಅರಿಜೋನದಲ್ಲಿ ಈಗ ನಿಂಬೆ ಹಣ್ಣಾಗಿರುತ್ತದೆ ಎಂದು
ಇಬ್ಬರೂ ಹೇಳಲಿಲ್ಲ.

ನಾಲ್ಕೂಕಾಲಿಗೆ ನಲ್ಲಿ ಕೆಮ್ಮಿತು.
ತುಕ್ಕುಬಣ್ಣದ ಒಂದು ಗುಟುಕು, ಗಾಳಿ, ಐಸಿನ ಚೂರು,
ಆಮೇಲೆ ನೀರು.

ಗೋಡೆಗೆ ಒಳಗಿನಿಂದ ಎರಡು ಸಲ ಗುದ್ದಿದಳು,
ಎಲ್ಲ ಹತ್ತಿದರು, ಬಸ್ಸು ಹೊರಡಬಹುದು ಎನ್ನುವಂತೆ.
ಹೊರಗೆ, ಹಿಮ ಮೆತ್ತಿದ ತಾಳೆಮರದ ಮೇಲೆ
ಅವನೂ ಎರಡು ಸಲ.