ಮೂರು ಸಲ

ಕಲಬುರಗಿ ಕೋರ್ಟಿನ ಮೂರನೇ ಕೋಣೀ ಬಾಗಲದಾಗ
ಇಪ್ಪತ್ತೆಂಟು ವರ್ಷ ನಿಂತೀನ್ರಿ.
ಒಬ್ಬೊಬ್ಬರ ಹೆಸರು ಮೂರು ಸಲ.
ಮೊದಲನೇದು ಅವರಿಗೆ,
ಎರಡನೇದು ಬೇವಿನ ಗಿಡದ ಕೆಳಗ ಚಾ ಕುಡಿಯೋ ಅವರ ವಕೀಲರಿಗೆ,
ಮೂರನೇದು ಕಾಯ್ದೇಕ.

ಅಷ್ಟೂರೆ ವಕೀಲ ಸಾಹೇಬರು
ವಾದ ಸೋಲೂ ಮುಂದ ಲ್ಯಾಟಿನ್ ತೆಗೀತಿದ್ದರು.
ತಿಳೀತಿದ್ದಿಲ್ಲ. ರುದ್ರ ಹೇಳಿದ್ಹಂಗ ಕೇಳತಿತ್ತು.
ಒಂದಿನ ಕರೆಂಟ್ ಹೋದ ಝಳದಾಗ
ಕರೀ ಕೋಟಿನ ಗುಂಡಿ ಬಿಚ್ಚಿ ಹೇಳಿದರು:
"ರೋಮ್ ಅಂತ ಒಂದು ಊರು.
ಅಲ್ಲೀ ಮಂದೀನೂ ಗ್ವಾಡಿಗೆ, ಗಟಾರಕ್ಕ, ಅಣ್ಣತಮ್ಮರ ಪಾಲಿಗೆ
ಹೊಡದಾಡತಿದ್ದರು. ಬ್ಯಾಸತ್ತು ಎರಡು ಮಾತು ಕಲತರು:
ಆ ಕಡೀದೂ ಕೇಳು.
ನಿನ್ನ ದಾವೇಕ ನೀನೇ ಜಡ್ಜ್ ಆಗಿ ಕೂಡಬ್ಯಾಡ."

"ಇಷ್ಟೇನಾ? ನಮ್ಮವ್ವನೂ ಇದನ್ನೇ ಅಂತಿದ್ದಳಲ್ರಿ."
"ಅಂದಿರಬೇಕು" ನಕ್ಕರು ಸಾಹೇಬರು, "ನೀ ಕೇಳಿದೇನು?"

ಆ ಮಾತು ಸೈಕಲ್ಲಿನ ಹಿಂದ ಕುಂತು ಮನೀತನಕ ಬಂತು.

ಅವ್ವ ಅರಬಿ ಒಗಿಯೋ ಶಹಾಬಾದ್ ಫರ್ಸಿ.
ಆಕಿ ಹೋದ ಹದಿಮೂರನೇ ದಿನ ತಮ್ಮ ಅಂಬಾರಾಯ
ಕಿತ್ತಕೊಂಡು ಒಯ್ದ.
ಒಡದ, ಮಾರಿದ, ಅಂದೆ ನಾನು.
ಸಾಕ್ಷಿ ನಾನೇ, ವಕೀಲ ನಾನೇ,
ಒಂದೇ ರಾತ್ರ್ಯಾಗ ಫೈಸಲಾ.
ಹನ್ನೊಂದು ವರ್ಷ ಮಾತಿಲ್ಲ.

ಜಿಲ್ಲಾದ ಹೆಸರೆಲ್ಲಾ ಕೂಗಿದ ಈ ಬಾಯಿ
ಬ್ಯಾರೆ ಯಾವ ಅಂಬಾರಾಯ ಬಂದರೂ
ಎರಡೇ ಸಲಕ್ಕ ನಿಂತು ಬಿಡತಿತ್ತು.
ಆಳಂದದಾವ ಒಬ್ಬ ಹಂಗೇ ಗೈರಹಾಜರ ಆದ.
ಇದು ಯಾರಿಗೂ ಹೇಳಿಲ್ಲ.

ಮೊನ್ನೆ ಸಂಜೀಕ ಶಹಾಬಜಾರ ದಾಟಿ ಅವನ ಗಲ್ಲಿಗೆ ಹೋದೆ.
ಬಾಗಲ ಮುಚ್ಚಿತ್ತು. ಬಡಿಯಲಿಲ್ಲ. ರೂಢಿ ನೋಡ್ರಿ,
ಅಂಬಾರಾಯ ತಂದಿ ಭೀಮಶಾ...
ಒಂದು. ಎರಡು.
ಗಂಟಲು ಕಟ್ಟಿತು. ನಿಂತು, ಮೂರು.
ಎರಡು ನಾಯಿ ಹಾಜರಾದವು.
ಆಮ್ಯಾಲ ಒಂದು ಹುಡುಗಿ:
"ಅಪ್ಪ ದಾಲ್ ಮಿಲ್ಲಿಗೆ ಹೋಗ್ಯಾನ, ರಾತ್ರಿ ಪಾಳಿ. ಕೂಡ್ರಿ."

ಕಟ್ಟಿ ಮ್ಯಾಲ ಕುಂತೆ.
ಕೈಗೆ ಕಲ್ಲು ತಣ್ಣಗ ಹತ್ತಿತು.
ನಡುವ ಒಂದು ತಗ್ಗು, ಅವ್ವನ ಮುಷ್ಟಿ ಸವಿಸಿದ್ದು.
ಅಂಚಿಗೆ ಅರಿಷಿಣ,
ದಿನಾ ಯಾರೋ ಹಚ್ಚಿದ್ದು.

ಅಲ್ಲೇ ಫೈಸಲಾ ತಿರುವಿ ಹಾಕಬೇಕಂದೆ.
ತಿರುವಿ ಹಾಕಾವನೂ ನಾನೇ ಆದರ
ಮತ್ತ ಅದೇ ತಪ್ಪಲ್ಲೇನ್ರಿ?

"ಯಾರು ಬಂದಿದ್ದರಂತ ಹೇಳಲಿ?"

"ಅವನ ಕಡೀದು ಕೇಳೋದು ಉಳದದ ಅಂತ ಹೇಳವ್ವ.
ನಾಳಿ ಮುಂಜಾನೆ ಹಾಜರಿರಂತ..."
ಅಲ್ಲ.
"ನಾ ಹಾಜರಿರತೀನಿ ಅಂತ ಹೇಳು."